ಹಿಂದೆ ನಿಂತವರನ್ನು ನೋಡುವ ಅತ್ತೆ

ಅತ್ತೆಯ ಮನೆಗೆ ಬಂದ ಮಾರನೆಯ ಬೆಳಗ್ಗೆಯೇ ಪುಕ್ಕಲನಿಗೆ ಖಾತ್ರಿಯಾಗಿಹೋಯಿತು: ಅತ್ತೆ ಮನೆಯೊಳಗೆ ಒಬ್ಬ ಗಂಡಸನ್ನು ಬಚ್ಚಿಟ್ಟುಕೊಂಡಿದ್ದಾಳೆ.

ಅಡುಗೆಮನೆಯಿಂದ ಗಡಸಾದ, ಕೊಂಚ ದೊಡ್ಡಮನುಷ್ಯರ ಗತ್ತಿನ ದನಿಯೊಂದು ಕೇಳಿತು. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಗ್ಗಿ ನೋಡಿದ. ಅಲ್ಲಿ ಅತ್ತೆಯ ಬೆನ್ನು ಮಾತ್ರ ಕಂಡಿತು, ಪಾತ್ರೆ ಜೋಡಿಸುತ್ತಿದ್ದಳು. ಇತ್ತ ತಿರುಗಿದರೆ ಅದೇ ದನಿ, ಈಗಷ್ಟೇ ಆಡಿದ ಅದೇ ಮಾತನ್ನು ಬಚ್ಚಲುಮನೆಯೊಳಗಿಂದ ಇನ್ನೊಮ್ಮೆ ಆಡಿತು. ಬಚ್ಚಲಿನ ಬಾಗಿಲು ಮುಚ್ಚಿತ್ತು. ಹೇಳಿದ್ದನ್ನೇ ಹೇಳುತ್ತಾರೆ ಅಂದಮೇಲೆ ವಯಸ್ಸಾದವರಿರಬೇಕು ಎಂದು ಅವನು ಲೆಕ್ಕ ಹಾಕಿದ. ಕೆಲಸದ ಮೊದಲ ದಿನ, ಹೊತ್ತಾಗುತ್ತಿತ್ತು. ಬಾಗಿಲ ಮುಂದೆ ನಿಂತು, ಬಾಯಲ್ಲಿದ್ದ ನೊರೆಯನ್ನು ನುಂಗಿ, ತೀರ ಮರ್ಯಾದೆಯಿಂದ ಕೇಳಿದ:

"ಯಜಮಾನ್ರೇ, ಸ್ವಲ್ಪ ಬೇಗ ಬರ್ತೀರಾ? ನನಗೆ ಕೆಲಸಕ್ಕೆ ಹೊತ್ತಾಗ್ತಿದೆ."

"ಮುಂದಿನ ಎರಡು ದಿನಗಳ ಕಾಲ ಇದೇ ಪರಿಸ್ಥಿತಿ ಮುಂದುವರಿಯಲಿದೆ" ಎಂದಿತು ಒಳಗಿನ ದನಿ.

ಹಿಂದೆ ಏನೋ ಬಿದ್ದ ಸದ್ದಾಯಿತು. ಅತ್ತೆ ಕೈಯಲ್ಲಿದ್ದ ತಟ್ಟೆ ಬಿಟ್ಟು, ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ ಅವಳು ನಕ್ಕದ್ದನ್ನು ಪುಕ್ಕಲ ಆಮೇಲೆ ಆ ವರ್ಷವೆಲ್ಲ ನೋಡಲಿಲ್ಲ. ಬಚ್ಚಲಿನ ಬಾಗಿಲು ತಳ್ಳಿ ತೋರಿಸಿದಳು. ಸೋಪು ಇಡುವ ಹಲಗೆಯ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ ಒಂದು ಹಳೆಯ ಫೋನು. ಅದರಲ್ಲಿ ಕೋಟು ಹಾಕಿದ ಒಬ್ಬ ಸುದ್ದಿ ಓದುತ್ತಿದ್ದ.

ಪುಕ್ಕಲ ಎಂಬುದು ಅಪ್ಪ-ಅಮ್ಮ ಇಟ್ಟ ಹೆಸರಲ್ಲ. ಅವರು ಇಟ್ಟದ್ದು ಒಬ್ಬ ವೀರನ ಹೆಸರು. ಬಲೂನು ಒಡೆದದ್ದಕ್ಕೆ ಮಂಚದಡಿ ಸೇರಿ, ಊಟಕ್ಕೆ ಕರೆದರೂ ಹೊರಗೆ ಬಾರದ ದಿನದಿಂದ ಆ ಹೆಸರಿಗೆ ಕೆಲಸವಿಲ್ಲದಂತಾಯಿತು. ಈಗ ಮೀಸೆ ಬಂದು, ಸಂಬಳ ಬಂದು, ತಲೆಯ ಮುಂಭಾಗದ ಕೂದಲು ಹೋಗಲು ಶುರುವಾದರೂ ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವನ ಕೆಲಸ ಮಾರ್ಕೆಟ್ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ. ಬೀಗ, ಚಿಲಕ, ತಿರುಪು, ಬಾಗಿಲ ಸರಪಳಿಗಳ ಕೌಂಟರು ಅವನದು. ಕಳ್ಳಕಾಕರ ಭಯ ಇದ್ದವರಿಗೆ ಧೈರ್ಯ ಹೇಳಿ ಮಾಲು ಮಾರಬೇಕು. ಹಾಗೆ ಧೈರ್ಯ ಹೇಳುವಾಗ ಅವನ ಮುಖ ನೋಡಿಯೇ ಎಷ್ಟೋ ಜನ ಇನ್ನೊಂದು ಬೀಗ ಜಾಸ್ತಿ ಕೊಂಡುಹೋಗುತ್ತಿದ್ದರು.

ಅತ್ತೆ ಎಂದರೆ ಅವನ ಅಪ್ಪನ ತಂಗಿ. ಕಟ್ಟಡದವರಿಗೆಲ್ಲ ಹಲ್ಲಿನಮ್ಮ. ಹಲ್ಲಿನ ಡಾಕ್ಟರುಗಳು ರೋಗಿಯ ವಸಡಿನ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ ಕೂರಿಸಿಕೊಡುವುದು ಅವಳ ಕಸುಬು. ನಡುಮನೆಯ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಮೇಣ ಕರಗಿಸುವ ಸಣ್ಣ ದೀಪ, ಪ್ಲಾಸ್ಟರಿನ ಡಬ್ಬಿ, ತುದಿ ಬಗ್ಗಿದ ಚೂರಿಗಳು. ಎದುರಿನ ಹಲಗೆಯ ಮೇಲೆ ಸಾಲಾಗಿ ಯಾರದೋ ದವಡೆಗಳು, ಕೆಲವು ನಗುತ್ತ, ಕೆಲವು ಇನ್ನೇನು ಬೈಯಲು ಬಾಯಿ ತೆರೆದಂತೆ. ಮೊದಲ ವಾರ ಪುಕ್ಕಲ ಅವುಗಳಿಗೆ ಟವೆಲ್ಲು ಹೊದಿಸಿಯೇ ಮಲಗುತ್ತಿದ್ದ. ಬೆಳಗ್ಗೆ ಅತ್ತೆ ಟವೆಲ್ಲನ್ನು ಮಡಿಚಿ ಅವನ ತಲೆದಿಂಬಿನ ಪಕ್ಕ ಇಡುತ್ತಿದ್ದಳು, ಒಂದು ಮಾತೂ ಆಡದೆ.

ಆ ದನಿಗಳ ಮೂಲ ಒಳಗಿನ ಸಣ್ಣ ಕೋಣೆಯಲ್ಲಿತ್ತು. ಸುತ್ತಿಟ್ಟ ಹಾಸಿಗೆ, ಬಳಸದ ಪಾತ್ರೆಗಳ ನಡುವೆ ಒಂದು ಕಂಪ್ಯೂಟರು. ಯಾವುದೋ ಡಾಕ್ಟರು ಹೊಸದು ಕೊಂಡಾಗ ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ಕೇಬಲ್‌ನವನ ಕೈಯಲ್ಲಿ ಅದಕ್ಕೊಂದು ಕಾರ್ಡು ಹಾಕಿಸಿ, ಟೀವಿಯ ತಂತಿಯನ್ನು ಅದರ ಬೆನ್ನಿಗೆ ಚುಚ್ಚಿಸಿಕೊಂಡಿದ್ದಳು. ದಿನದ ಸುದ್ದಿಗಳೆಲ್ಲ ಹೊತ್ತುಹೊತ್ತಿಗೆ ತಾವಾಗಿ ಅದರೊಳಗೆ ರೆಕಾರ್ಡ್ ಆಗುತ್ತಿದ್ದವು. ಅಲ್ಲಿಂದ ಅಡುಗೆಮನೆಯ ಟೀವಿಗೆ, ಕೆಲಸದ ಮೇಜಿನ ಟ್ಯಾಬಿಗೆ, ಬಚ್ಚಲಿನ ಫೋನಿಗೆ ವೈಫೈ ಮೇಲೆ ಹರಿಯುತ್ತಿದ್ದವು.

"ಮಹಡಿ ಮೇಲೆ ನೀರಿನ ಟ್ಯಾಂಕಿ ಇದೆಯಲ್ಲ, ಹಾಗೇ ಅನ್ಕೋ" ಎಂದಳು ಅತ್ತೆ. "ನೀರು ಬಂದಾಗ ತುಂಬಿಕೊಳ್ಳತ್ತೆ. ಆಮೇಲೆ ಯಾವ ನಲ್ಲಿ ತಿರುಗಿಸಿದ್ರೂ ಬರತ್ತೆ. ಇದು ಟ್ಯಾಂಕಿ, ಅವೆಲ್ಲ ನಲ್ಲಿ."

"ಟೀವೀನೇ ನೇರ ನೋಡಬಹುದಲ್ಲ ಅತ್ತೆ?"

"ನೇರ ಬರೋದು ಯಾರಿಗೂ ಕಾಯಲ್ಲ. ಇದನ್ನ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಒಂದು ಮುಖ ತಪ್ಪಿಹೋದ್ರೆ ಮತ್ತೆ ಕರೆಸಿ ನೋಡಬಹುದು."

ಯಾರ ಮುಖ ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಳೆ ಉಕ್ಕಿದ ವರ್ಷ ಮಾವ ಲಾರಿಯ ಜೊತೆ ಆಚೆ ದಡಕ್ಕೆ ಹೋಗಿದ್ದ. ಸೇತುವೆ ಕೊಚ್ಚಿಹೋಯಿತು, ಲಾರಿ ಸಿಕ್ಕಿತು, ಮಾವ ಸಿಗಲಿಲ್ಲ. ಕಾಣೆಯಾದವರ ಜೊತೆ ಅವನನ್ನೂ ಸೇರಿಸಿ ಎಲ್ಲರೂ ಕೈತೊಳೆದುಕೊಂಡರು. ಅತ್ತೆ ಮಾತ್ರ ಸಮಾಧಾನ ಹೇಳಲು ಬಂದವರ ಮುಂದೆ ಒಂದೇ ಮಾತು ಹೇಳಿದ್ದಳು: "ಅವನಿಗೆ ಈಜು ಬರ್ತಿತ್ತು." ಕೇಳಿದವರೆಲ್ಲ ಕಣ್ಣೊರೆಸಿಕೊಂಡಿದ್ದರು.

ಆಮೇಲೆ ಊರು ಬಿಟ್ಟು ಈ ಕಟ್ಟಡಕ್ಕೆ ಬಂದಳು. ಅವತ್ತಿನಿಂದ ಅವಳು ಸುದ್ದಿ ನೋಡುವ ರೀತಿಯೇ ಬೇರೆ. ಮಂತ್ರಿ ಮಾತಾಡಲಿ, ಪೊಲೀಸರು ಮಾತಾಡಲಿ, ಮೈಕ್ ಹಿಡಿದವರ ಮುಖ ಅವಳಿಗೆ ಬೇಡ. ಅವರ ಹಿಂದೆ ಕತ್ತು ಉದ್ದ ಮಾಡಿ ನಿಂತವರು, ಕ್ಯಾಮೆರಾಕ್ಕೆ ಕೈ ಬೀಸುವವರು, ಬಸ್ಸಿನ ಕಿಟಕಿಯಲ್ಲಿ ಕೂತವರು, ಅವರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಳು. ಯಾರೋ ದೊಡ್ಡವರು ರಾಜೀನಾಮೆ ಕೊಟ್ಟ ದಿನ ಪುಕ್ಕಲ "ಏನಂತೆ ಅತ್ತೆ?" ಎಂದು ಕೇಳಿದರೆ, "ಯಾರಿಗೆ ಗೊತ್ತು, ಹಿಂದೆ ಒಬ್ಬ ಕಡಲೆ ತಿಂತಿದ್ದ, ಅವನಲ್ಲ" ಎಂದಿದ್ದಳು.

"ಎಂಥ ಪ್ರೀತಿ ನೋಡಪ್ಪ" ಎನ್ನುತ್ತಿದ್ದಳು ಮೆಟ್ಟಿಲ ಬುಡದ ಮನೆಯ ಅಕ್ಕ. ಅವಳ ಬಾಗಿಲು ಮೆಟ್ಟಿಲಿಗೇ ತೆರೆಯುವುದರಿಂದ ಅವಳನ್ನು ದಾಟದೆ ಯಾರೂ ಮೇಲೆ ಹೋಗುವಂತಿರಲಿಲ್ಲ, ಅವಳ ಬಾಯಿ ದಾಟದೆ ಯಾವ ಸುದ್ದಿಯೂ ಹೊರಗೆ ಹೋಗುತ್ತಿರಲಿಲ್ಲ. "ನನ್ನ ಯಜಮಾನ್ರು ಮಾರ್ಕೆಟ್ಟಿಗೆ ಹೋಗಿ ಸಂಜೆ ತನಕ ಬರಲಿಲ್ಲ ಅಂದ್ರೂ ನಾನು ಹುಡುಕಲ್ಲ. ಇವಳು ಲೋಕದ ಟೀವೀಲೆಲ್ಲ ಹುಡುಕ್ತಾಳೆ. ನನ್ನ ತಮ್ಮ ಬಸ್ ಕಂಡಕ್ಟರಲ್ವಾ, ಅವನಿಗೂ ಹೇಳಿದೀನಿ, ಹೋದ ಊರಲ್ಲೆಲ್ಲ ಹೇಳು ಅಂತ. ಎಲ್ಲಾದರೂ ಇದ್ರೆ ಕಿವಿಗೆ ಬೀಳಲಿ."

ಪುಕ್ಕಲನಿಗೂ ಅತ್ತೆಯ ಬಗ್ಗೆ ಹೆಮ್ಮೆಯೇ ಇತ್ತು. ಮಾವನನ್ನು ಅವನು ಸಣ್ಣವನಿದ್ದಾಗ ನೋಡಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದ, ಜೇಬಿನಿಂದ ಪೆಪ್ಪರ್‌ಮಿಂಟು ತೆಗೆಯುತ್ತಿದ್ದ, ನಗುಮುಖದ ಮನುಷ್ಯ. ಅಂಥವನನ್ನು ಯಾರು ತಾನೇ ಹುಡುಕುವುದಿಲ್ಲ?

ಆದರೆ ಒಂದು ವಿಷಯ ಅವನ ಕಸುಬಿನ ಕಣ್ಣಿಗೆ ಚುಚ್ಚುತ್ತಿತ್ತು. ಮನೆಯ ಮುಂಬಾಗಿಲಿಗೆ ಮೇಲೊಂದು, ನಡುವೊಂದು, ಕೆಳಗೊಂದು ಚಿಲಕ. ಇಷ್ಟು ಸಾಲದೆ, ಅವನು ಅಂಗಡಿ ಸೇರಿದ ತಿಂಗಳೇ ಒಂದು ಬಾಗಿಲ ಸರಪಳಿ ತರಲು ಹೇಳಿದಳು. ಅವನೇ ತಂದು ಹಾಕಿಕೊಟ್ಟ. ಉದ್ದ ತಿರುಪು ಖಾಲಿಯಾಗಿತ್ತೆಂದು ಗಿಡ್ಡ ತಿರುಪು ಹಾಕಿದ. ಅತ್ತೆ ನಡುಮನೆಯಲ್ಲಿ ಎಲ್ಲಿ ಕೂತರೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಕಳೆದುಹೋದ ಗಂಡನ ದಾರಿ ಕಾಯುವವರು ಬಾಗಿಲು ತೆರೆದಿಟ್ಟುಕೊಳ್ಳುತ್ತಾರೆ ಎಂದು ಅವನು ಅಂದುಕೊಂಡಿದ್ದ.

ಒಂದು ಭಾನುವಾರ ಮಧ್ಯಾಹ್ನ ಅದು ಬಯಲಾಯಿತು. ಅತ್ತೆ ಹಲ್ಲಿನ ಬಣ್ಣದ ಪಟ್ಟಿ ಹಿಡಿದು ಕೂತಿದ್ದಳು. ಒಂದೇ ಬಿಳಿಯಲ್ಲಿ ಹತ್ತಾರು ಬಿಳಿ, ಪ್ರತಿಯೊಬ್ಬರ ಹಲ್ಲಿಗೆ ಹೊಂದುವುದನ್ನು ಆರಿಸಬೇಕು. ಪುಕ್ಕಲ ಸುಮ್ಮನಿರಲಾರದೆ ಕೇಳಿದ, "ತಪ್ಪು ಬಣ್ಣ ಯಾವತ್ತಾದರೂ ಹಾಕಿದ್ಯಾ ಅತ್ತೆ?"

"ಒಂದೇ ಸಲ. ನಿನ್ನ ಮಾವನಿಗೆ. ಕುಡಿದು ಮೆಟ್ಟಿಲ ಮೇಲಿಂದ ಬಿದ್ದು ಮುಂದಿನ ಹಲ್ಲು ಮುರ್ಕೊಂಡಿದ್ದ. ಎಲ್ಲಕ್ಕಿಂತ ಬಿಳೀದು ಹಾಕಿದೆ."

"ಅರ್ಜೆಂಟಲ್ಲಿ ತಪ್ಪಿತಾ?"

"ಬೇಕಂತಲೇ. ಕತ್ತಲಲ್ಲಿ ಬರುವಾಗ ಮೊದಲು ಆ ಹಲ್ಲು ಕಾಣಲಿ ಅಂತ. ಅಷ್ಟರಲ್ಲಿ ಒಳಗಿನ ಕೋಣೆ ಸೇರ್ಕೊಂಡು ಅಗಳಿ ಹಾಕ್ಕೋಬಹುದು."

ಪುಕ್ಕಲನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಕರಗಿ ಬಿತ್ತು. ಅತ್ತೆ ತಲೆ ಎತ್ತಲಿಲ್ಲ. ಚೂರಿಯ ಹಿಡಿಯಿಂದ ತನ್ನ ಮುಂದಿನ ಎರಡು ಹಲ್ಲನ್ನು ಟಕಟಕ ಬಡಿದು ತೋರಿಸಿದಳು.

"ಇವೂ ನಾನೇ ಮಾಡ್ಕೊಂಡಿದ್ದು. ಆದರೆ ನಾನು ಮೆಟ್ಟಿಲ ಮೇಲಿಂದ ಬಿದ್ದಿರಲಿಲ್ಲ."

ಪೆಪ್ಪರ್‌ಮಿಂಟಿನ ರುಚಿ ಇಷ್ಟು ವರ್ಷದ ಮೇಲೆ ಕಹಿಯಾಗಿ ಪುಕ್ಕಲನ ನಾಲಿಗೆಗೆ ಬಂದಂತಾಯಿತು.

"ಮತ್ತೆ ಹುಡುಕೋದು..."

"ಹೊಳೆಗೆ ಬಿದ್ದವನು ಸತ್ತಿದ್ದನ್ನ ಯಾರೂ ನೋಡಿಲ್ಲ ಮಗನೇ. ಇದ್ರೆ ಎಲ್ಲೋ ಒಂದು ಕಡೆ ಜನ ಸೇರಿದ ಹಿಂದೆ ಬಂದು ನಿಂತೇ ನಿಲ್ತಾನೆ. ಅವನಿಗೆ ಜಗಳ ನೋಡೋ ಚಟ, ಬೆಂಕಿ ನೋಡೋ ಚಟ. ಯಾವ ಊರಲ್ಲಿದ್ದಾನೆ ಅಂತ ಗೊತ್ತಿದ್ರೆ ನಾನು ನಿದ್ದೆ ಮಾಡಬಹುದು."

"ಯಾರಿಗಾದರೂ ಹೇಳಬಾರದಿತ್ತಾ? ಅಪ್ಪನಿಗಾದರೂ?"

"ನಿಮ್ಮಪ್ಪನ ಮುಂದೆ ಅವನು ನನ್ನ ಚಪ್ಪಲಿ ಜೋಡಿಸಿಡ್ತಿದ್ದ. ಯಾರು ನಂಬ್ತಿದ್ರು ಹೇಳು. ನೀನೇ ಈಗ ನನ್ನ ಮುಖ ಹೇಗೆ ನೋಡ್ತಿದ್ದೀಯ, ಕನ್ನಡೀಲಿ ನೋಡ್ಕೋ ಹೋಗು."

ಅವತ್ತಿನಿಂದ ಪುಕ್ಕಲನೂ ಹಿಂದೆ ನಿಂತವರನ್ನು ನೋಡತೊಡಗಿದ. ಅತ್ತೆಗೆ ಏನಾದರೂ ಮಾಡಬೇಕು ಎಂಬ ಉಮೇದು, ಎದುರು ಬಂದು ಮಾಡುವ ಎದೆಗಾರಿಕೆ ಇಲ್ಲ. ಅಂಥವರು ಮಾಡುವ ಕೆಲಸವನ್ನೇ ಅವನೂ ಮಾಡಿದ: ಸೆಟಿಂಗ್ಸ್ ಸರಿ ಮಾಡಿದ. ಒಂದೊಂದು ನಲ್ಲಿಯೂ ಒಂದೊಂದು ಹೊತ್ತಿಗೆ ಮಾತಾಡಿ ಮನೆಯೆಲ್ಲ ಮಾರ್ದನಿ ಎದ್ದು ತಲೆ ಕೆಡುತ್ತಿತ್ತಲ್ಲ, ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕುವಂತೆ ಮಾಡಿದ. ಅಡುಗೆಮನೆಯಲ್ಲಿ ನಿಲ್ಲಿಸಿದರೆ ಎಲ್ಲ ಕಡೆಯೂ ನಿಲ್ಲುತ್ತದೆ, ಮೇಜಿನಲ್ಲಿ ಶುರು ಮಾಡಿದರೆ ಎಲ್ಲ ಕಡೆಯೂ ಶುರುವಾಗುತ್ತದೆ. ಅಂಗಡಿಯಲ್ಲಿದ್ದಾಗಲೂ ಸಿಗುವಂತೆ ತನ್ನ ಫೋನನ್ನೂ ಆ ಸಾಲಿಗೆ ಸೇರಿಸಿದ.

"ಒಂದು ನಲ್ಲಿ ಕಟ್ಟಿದ್ರೆ ಎಲ್ಲಾ ಕಟ್ಟತ್ತಾ?" ಎಂದಳು ಅತ್ತೆ, ಅನುಮಾನದಿಂದ.

"ಅದೇ ಅಲ್ವಾ ಮಜಾ" ಎಂದಿದ್ದ ಪುಕ್ಕಲ, ಕಾಲರ್ ಎತ್ತಿಕೊಂಡು.

ಹೀಗೆ ಊಟದ ಹೊತ್ತಿನಲ್ಲಿ ಅಂಗಡಿಯ ಗೋಡೌನಿನಲ್ಲಿ, ಮೊಳೆಯ ಡಬ್ಬಗಳ ಮೇಲೆ ಬುತ್ತಿ ಬಿಚ್ಚಿ, ಹಿಂದಿನ ಸಂಜೆಯ ಸುದ್ದಿಯನ್ನು ಅವನು ಅಲ್ಲಿ, ಅತ್ತೆ ಇಲ್ಲಿ, ಜೊತೆಯಾಗಿ ನೋಡುವುದು ರೂಢಿಯಾಯಿತು. ಅವಳ ಕಣ್ಣು ಕೆಲಸದ ಮೇಲಿದ್ದಾಗ ಇವನ ಕಣ್ಣು. ತಿಂಗಳುಗಟ್ಟಲೆ ಏನೂ ಸಿಗಲಿಲ್ಲ. ಪುಕ್ಕಲನಿಗೆ ಅದೇ ಬೇಕಾಗಿತ್ತು. ಹುಡುಕುವ ಪುಣ್ಯವೂ ಬರಬೇಕು, ಸಿಗುವ ಕಷ್ಟವೂ ಇರಬಾರದು.

ಆ ದಿನ ಸುದ್ದಿಯಲ್ಲಿ ಒಂದು ಬಸ್‌ಸ್ಟ್ಯಾಂಡು. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂದು ಹೆಂಗಸೊಬ್ಬಳು ಮೈಕಿನ ಮುಂದೆ ರೇಗಾಡುತ್ತಿದ್ದಳು. ಹಿಂದೆ ಒಂದು ಗುಂಪು. ಗುಂಪಿನ ಅಂಚಿನಲ್ಲಿ ಚೀಲ ಹಿಡಿದ ಒಬ್ಬ ಕತ್ತು ಚಾಚಿ, ರೇಗಾಡುವವಳನ್ನು ನೋಡಿ ನಕ್ಕ. ಅವನ ಮುಖದಲ್ಲಿ ಎಲ್ಲವೂ ಮಾಸಿತ್ತು, ಒಂದು ಹಲ್ಲು ಮಾತ್ರ ಹೊಸ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

ಪುಕ್ಕಲನ ಬೆರಳು ತಾನಾಗಿಯೇ ಹೋಗಿ ಚಿತ್ರವನ್ನು ನಿಲ್ಲಿಸಿತು. ಫೋನನ್ನು ಮೂಗಿನ ತನಕ ತಂದು ನೋಡಿದ. ಮಾವ. ಸೊರಗಿದ್ದ, ಗಡ್ಡ ಬಿಟ್ಟಿದ್ದ, ಆದರೆ ಮಾವ. ಇವನು ಎಲ್ಲಿದ್ದಾನೆ ಎಂದು ಹಿಂದಿನ ಬೋರ್ಡು ಓದಲು ಹೋದ. ಓದಬೇಕಾಗಿರಲಿಲ್ಲ. ಹಿಂದೆ ಕಂಡ ಚಪ್ಪಲಿ ಅಂಗಡಿಯ ಮುರಿದ ಷಟರನ್ನು ಹೋದ ತಿಂಗಳು ರಿಪೇರಿ ಮಾಡಲು ಕೊಕ್ಕೆ ಕೊಟ್ಟವನೇ ಪುಕ್ಕಲ. ಅದು ಇದೇ ಊರಿನ ಬಸ್‌ಸ್ಟ್ಯಾಂಡು. ನಿನ್ನೆ ಸಂಜೆ.

ಅತ್ತೆಗೆ ಹೇಗೆ ಹೇಳುವುದು, ಮೆಲ್ಲಗೆ ಹೇಳಬೇಕು, ಸಂಜೆ ಮನೆಗೆ ಹೋಗಿ ಕೂರಿಸಿಕೊಂಡು ಹೇಳಬೇಕು ಎಂದು ಅವನು ಯೋಚಿಸುತ್ತಿರುವಾಗಲೇ ಇನ್ನೊಂದು ಸಂಗತಿ ತಲೆಗೆ ಹೊಳೆಯಿತು. ಒಂದು ನಲ್ಲಿ ಕಟ್ಟಿದರೆ ಎಲ್ಲ ಕಟ್ಟುತ್ತದೆ. ಅವನು ನಿಲ್ಲಿಸಿದ ಚಿತ್ರ ಅವನ ಫೋನಿನಲ್ಲಿ ಮಾತ್ರ ನಿಂತಿರಲಿಲ್ಲ. ಅಡುಗೆಮನೆಯ ಟೀವಿಯಲ್ಲಿ, ಮೇಜಿನ ಟ್ಯಾಬಿನಲ್ಲಿ, ಬಚ್ಚಲಿನ ಫೋನಿನಲ್ಲಿ, ಅತ್ತೆ ಯಾವ ಕೋಣೆಗೆ ಓಡಿದರೂ ಅಲ್ಲೆಲ್ಲ ಮಾವ ಹಲ್ಲು ತೋರಿಸಿಕೊಂಡು ನಿಂತಿದ್ದ.

ಗಡಬಡಿಸಿ ಚಿತ್ರ ಮುಂದೆ ಓಡಿಸಲು ಹೋದ. ಬೆರಳು ತಪ್ಪಿ ಅದು ಹಿಂದಕ್ಕೆ ಓಡಿತು. ಮಾವ ಮರಳಿ ಕತ್ತು ಚಾಚಿ ಮರಳಿ ನಕ್ಕ. ಅತ್ತೆಗೆ ಫೋನ್ ಮಾಡಿದ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ, ಎತ್ತಲಿಲ್ಲ. ಬುತ್ತಿ ಬಿಟ್ಟು ಎದ್ದ.

"ಎಲ್ಲಿಗಯ್ಯಾ?" ಎಂದರು ಅಂಗಡಿಯ ಸಾಹುಕಾರರು.

"ಮನೇಲಿ ಅರ್ಜೆಂಟು."

"ಮತ್ತೆ ಮೈಮೇಲೆ ಹಲ್ಲಿ ಬಿತ್ತಾ?"

ಪುಕ್ಕಲ ಹೋಗುವಾಗ ತನ್ನ ಕೌಂಟರಿನಿಂದ ಉದ್ದ ತಿರುಪಿನ ಒಂದು ಪೊಟ್ಟಣ ಜೇಬಿಗಿಳಿಸಿ, ಓಡಿದ.

ದಾರಿಯಲ್ಲಿ ಚೀಲ ಹಿಡಿದವರೆಲ್ಲ ಮಾವನಂತೆ ಕಂಡರು. ಹಾಲಿನ ಬೂತಿನ ಮುಂದೆ ಒಬ್ಬ ನಕ್ಕದ್ದಕ್ಕೆ ಪುಕ್ಕಲ ರಸ್ತೆ ದಾಟಿ ಆಚೆ ಬದಿಗೆ ಹೋದ. ಯಾವ ಹಲ್ಲು ಬೆಳ್ಳಗಿದೆ ಎಂದು ಎದುರು ಬಂದವರ ಬಾಯನ್ನೇ ನೋಡುತ್ತ ಹೋಗಿ ಒಬ್ಬ ಹೆಂಗಸಿನಿಂದ ಬೈಸಿಕೊಂಡ. ಅಂತೂ ಕಟ್ಟಡದ ಬಾಗಿಲಿಗೆ ಬಂದ. ಮೆಟ್ಟಿಲ ಬುಡದ ಅಕ್ಕನ ಬಾಗಿಲಿಗೆ ಬೀಗ. ಅವಳ ಬಾಗಿಲಿಗೆ ಬೀಗ ಬಿದ್ದದ್ದನ್ನು ಅವನು ನೋಡಿದ್ದು ಅದೇ ಮೊದಲು.

ಮೇಲೆ ಹೋಗಿ ಬಾಗಿಲು ತಟ್ಟಿದ. ಒಳಗೆ ಸದ್ದಿಲ್ಲ.

"ಅತ್ತೆ, ನಾನು."

"ನಾನು ಅಂದ್ರೆ?" ಬಾಗಿಲಿಗೆ ಅಂಟಿಕೊಂಡೇ ಬಂದಂಥ ದನಿ. ಅದು ಅತ್ತೆಯದೆಂದು ಗುರುತಿಸಲು ಒಂದು ಗಳಿಗೆ ಬೇಕಾಯಿತು.

"ಪುಕ್ಕಲ."

"ಒಬ್ಬನೇನಾ?"

"ಒಬ್ಬನೇ. ನನ್ನ ಜೊತೆ ಯಾರಾದರೂ ಇದ್ದಿದ್ರೆ ಇಷ್ಟು ನಡುಗ್ತಿರಲಿಲ್ಲ."

ಮೇಲಿನ ಚಿಲಕ ಸರಿಯಿತು, ನಡುವಿನದು, ಕೆಳಗಿನದು. ಸರಪಳಿ ಬಿಚ್ಚಲು ಅತ್ತೆಗೆ ಬಹಳ ಹೊತ್ತು ಹಿಡಿಯಿತು. ಒಳಗೆ ಹೋಗಿ, ಚಿಲಕ, ಸರಪಳಿ ಎಲ್ಲ ಮತ್ತೆ ಹಾಕಿ ನೋಡಿದರೆ ಅಡುಗೆಮನೆಯ ಟೀವಿಗೆ ಅವಳ ಏಪ್ರನ್ನು ಹೊದಿಸಿತ್ತು. ಟ್ಯಾಬು ಬೋರಲಾಗಿತ್ತು. ಬಚ್ಚಲಿನ ಫೋನು ಬಕೆಟ್ಟಿನ ತಳದಲ್ಲಿ ಮುಳುಗಿತ್ತು. ಮೇಜಿನ ಮೇಲಿಂದ ಒಂದು ದವಡೆ ಬಿದ್ದು ಎರಡು ಹೋಳಾಗಿತ್ತು. ಅತ್ತೆಯ ಎಡಗೈಯಲ್ಲಿ ಮೇಣದ ಚೂರಿ ಇತ್ತು, ಅದನ್ನು ಹಿಡಿದಿದ್ದೇನೆಂಬುದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ನಾನೇ ನಿಲ್ಲಿಸಿದ್ದು ಅತ್ತೆ. ಸುಮ್ಮನೆ ಗುರುತು ಹಿಡಿಯೋಣ ಅಂತ..."

"ಮೊದಲು ಟೀವಿಯೊಳಗಿಂದಲೇ ನನ್ನ ನೋಡಿ ನಿಂತುಬಿಟ್ಟ ಅಂದ್ಕೊಂಡೆ" ಎಂದಳು. "ಆಮೇಲೆ ಬಚ್ಚಲಿಗೆ ಓಡಿದೆ. ಅಲ್ಲೂ ಇದ್ದ." ನೆಲದ ಮೇಲೆ ಕೂತಳು, ಕೂತಾಗಲೂ ಬಾಗಿಲಿಗೆ ಮುಖ ಮಾಡಿ. "ಅವನೇ ಕಣೋ. ಹಲ್ಲು ನಾನು ಮಾಡಿದ್ದು."

"ಪೊಲೀಸರಿಗೆ ಹೇಳೋಣ."

"ಏನಂತ? ಸತ್ತ ಗಂಡ ಟೀವೀಲಿ ನಕ್ಕ ಅಂತಾನಾ?"

"ನಮ್ಮೂರಿಗೆ ಹೋಗಿಬಿಡೋಣ. ಈಗಲೇ ಬಸ್ ಹಿಡಿದು."

"ಬಸ್‌ಸ್ಟ್ಯಾಂಡಲ್ಲೇ ಅಲ್ವೇನೋ ಅವನು ನಿಂತಿರೋದು."

ಪುಕ್ಕಲ ಜೇಬಿನ ಪೊಟ್ಟಣ ತೆಗೆದು ಸರಪಳಿಯ ಗಿಡ್ಡ ತಿರುಪುಗಳನ್ನು ಬಿಚ್ಚತೊಡಗಿದ. ಮೊದಲನೆಯದು ಬೆರಳಲ್ಲೇ ಎಳೆದರೆ ಬಂತು. ಅದನ್ನು ಅತ್ತೆಗೆ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಂಡ. ಇಷ್ಟು ತಿಂಗಳು ಅವಳು ಇದನ್ನು ನಂಬಿ ಮಲಗಿದ್ದಳು.

ಅತ್ತೆ ಎದ್ದು ಒಳಗಿನ ಕೋಣೆಗೆ ಹೋದಳು. ಕಂಪ್ಯೂಟರಿನ ಫ್ಯಾನು ನಿಧಾನವಾಗಿ ಸುಸ್ತಾಗುತ್ತ ನಿಂತ ಸದ್ದು ಕೇಳಿತು.

"ಯಾಕತ್ತೆ ಆರಿಸಿದೆ?"

"ದೂರ ಇದ್ದಾಗ ಹುಡುಕಬೇಕಿತ್ತು. ಇನ್ನು ಕಿವಿ ಸಾಕು."

ಪುಕ್ಕಲ ಆ ಮನೆಗೆ ಬಂದಮೇಲೆ ಅದು ಇಷ್ಟು ಸುಮ್ಮನಾದದ್ದು ಇದೇ ಮೊದಲು. ನಲ್ಲಿ ತೊಟ್ಟಿಕ್ಕುವುದು ಕೇಳಿತು. ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು.

ಒಬ್ಬರದಲ್ಲ, ಇಬ್ಬರದು. ಒಂದು ಚಪ್ಪಲಿ ಅವಸರದ್ದು, ಇನ್ನೊಂದು ಆರಾಮಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು, ಮನೆಯ ಯಜಮಾನ ಸಂಜೆ ಮನೆಗೆ ಬರುವ ಹಾಗೆ. ಸರಪಳಿ ಕೊಂಡಿಯಲ್ಲೇನೋ ಇತ್ತು, ಆದರೆ ಪುಕ್ಕಲ ಹೊಸ ತಿರುಪು ಹಾಕಿದ್ದು ಒಂದೇ. ಇನ್ನೊಂದರ ತೂತು ಖಾಲಿಯಾಗಿ ಬಾಯಿ ತೆರೆದಿತ್ತು.

ಬಾಗಿಲು ಬಡಿದರು.

"ತಂಗೀ, ಬಾಗಿಲು ತೆಗಿ" ಎಂದಳು ಮೆಟ್ಟಿಲ ಬುಡದ ಅಕ್ಕ. ಅವಳ ದನಿ ಖುಷಿಯಿಂದ ಅಳುವಂತಿತ್ತು. "ಯಾರನ್ನ ಕರ್ಕೊಂಡು ಬಂದಿದೀನಿ ನೋಡು. ನಿನ್ನೆಯಿಂದ ಪಾಪ ಬಸ್‌ಸ್ಟ್ಯಾಂಡಲ್ಲಿ ಮನೆ ವಿಳಾಸ ಕೇಳ್ಕೊಂಡು ಕೂತಿದ್ರಂತೆ. ನನ್ನ ತಮ್ಮ ಫೋನ್ ಮಾಡಿದ, ಹೋಗಿ ನಾನೇ ಕರ್ಕೊಂಡು ಬಂದೆ."

"ಏನೇ" ಎಂದಿತು ಇನ್ನೊಂದು ದನಿ. ಮೃದು, ನಗುವಿನ ಅಂಚಿನ ದನಿ. ಪುಕ್ಕಲನಿಗೆ ಪೆಪ್ಪರ್‌ಮಿಂಟು ನೆನಪಾಯಿತು. "ನಾನು ಕಣೇ."

ಪುಕ್ಕಲ ತಲೆ ಅಲ್ಲಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದ. ಅತ್ತೆ ಚೂರಿಯನ್ನು ಮೇಜಿನ ಮೇಲಿಟ್ಟಳು. ಸೀರೆಗೆ ಅಂಗೈ ಒರೆಸಿಕೊಂಡಳು. ಮೇಲಿನ ಚಿಲಕ ತೆಗೆದಳು, ನಡುವಿನದು ತೆಗೆದಳು, ಬಗ್ಗಿ ಕೆಳಗಿನದು ತೆಗೆದಳು. ಸರಪಳಿ ಬಿಗಿಯುವಷ್ಟು, ಒಂದು ಅಂಗೈ ಅಗಲ, ಬಾಗಿಲು ತೆರೆಯಿತು.

ಆ ಸಂದಿಯಲ್ಲಿ ಮೊದಲು ಕಂಡದ್ದು ಹಲ್ಲೇ. ಪುಕ್ಕಲ ತನಗೇ ಗೊತ್ತಿಲ್ಲದೆ ಬಂದು ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದ. ಧೈರ್ಯವಲ್ಲ, ತಿರುಪು ಎಷ್ಟು ಗಟ್ಟಿ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

"ಇಳಿದುಹೋಗಿದ್ದೀಯಲ್ಲೇ" ಎಂದ ಮಾವ. "ಯಾರದು ಒಳಗೆ?"

"ಅಣ್ಣನ ಮಗ."

"ಓಹೋ, ನಮ್ಮ ಪುಕ್ಕಲನಾ? ದೊಡ್ಡವನಾಗಿರಬೇಕು. ಸರಪಳಿ ತೆಗಿಯೋ ಮಗನೇ, ಹೆಗಲ ಮೇಲೆ ಕೂರಿಸ್ಕೋತೀನಿ."

ಪುಕ್ಕಲ ಭುಜವನ್ನು ಇನ್ನಷ್ಟು ಒತ್ತಿದ. ಆಚೆ ಕಡೆಯಿಂದಲೂ ಬಾಗಿಲ ಮೇಲೆ ಒಂದು ಕೈ ಬಂದು ಕೂತಿತು, ಭಾರವಾಗಿ, ಅವಸರವಿಲ್ಲದೆ. ಮರದೊಳಗೆ ತಿರುಪು ಕಿರ್ರೆಂದಿತು.

"ತೆಗಿಯಲ್ಲ" ಎಂದಳು ಅತ್ತೆ.

"ತಂಗೀ, ಇದೇನು?" ಎಂದಳು ಅಕ್ಕ. ಗದ್ದಲಕ್ಕೆ ಮೇಲಿನ ಮನೆಯವರು ಇಳಿದು ಬಂದು ಮೆಟ್ಟಿಲ ಕಂಬಿ ಹಿಡಿದು ನಿಂತದ್ದು ಸಂದಿಯಲ್ಲಿ ಕಾಣುತ್ತಿತ್ತು. ಎಲ್ಲರೂ ಕತ್ತು ಉದ್ದ ಮಾಡಿದ್ದರು. "ಹಗಲೂ ಇರುಳೂ ಇವರ ಮುಖಾನೇ ಹುಡುಕ್ತಿದ್ಯಲ್ಲ. ಸಂಕೋಚ ಪಡಬೇಡ, ನಾವೆಲ್ಲ ನಿನ್ನವರೇ."

"ಕೇಳಿದ್ಯಾ?" ಮಾವ ನಕ್ಕ. ಹಿಂದೆ ನಿಂತವರಿಗೆ ಕೇಳಲೆಂದೇ ದನಿ ಏರಿಸಿದ. "ಯಾವ ಊರಿಗೆ ಹೋದ್ರೂ ಬಸ್ಸಿನವರು ಅದನ್ನೇ ಹೇಳ್ತಾರೆ. ಒಬ್ಬಳು ಹೆಂಗಸಿದ್ದಾಳೆ, ಮನೆ ತುಂಬ ಟೀವಿ ಇಟ್ಕೊಂಡು ಗಂಡನ್ನ ಹುಡುಕ್ತಾಳೆ ಅಂತ. ಅದನ್ನ ಕೇಳಿಯೇ ಬಂದೆ. ಬಂದವನಿಗೆ ಬಾಗಿಲು ತೆಗಿಯಲ್ಲ ಅಂದ್ರೆ ಹೇಗೆ? ಎಲ್ಲರ ಮುಂದೆ ನೀನೇ ಹೇಳು, ಇಷ್ಟು ವರ್ಷ ನನ್ನ ಯಾಕೆ ಹುಡುಕಿದೆ?"

ಅತ್ತೆ ಸಂದಿಗೆ ಇನ್ನೂ ಹತ್ತಿರ ಬಂದಳು.

"ನೀನು ಎಷ್ಟು ದೂರದಲ್ಲಿದ್ದೀಯ ಅಂತ ತಿಳ್ಕೊಳ್ಳೋಕೆ" ಎಂದಳು. "ಇದು ಸಾಲದು. ಇನ್ನೂ ದೂರ ಹೋಗು."